ತರ್ಕದ್ವಾರದ ಐ.ಸಿ.: ಪಿನ್ನುಗಳ ಗುರುತು ಮತ್ತು ತಂತಿಜೋಡಣೆಯ ಪರೀಕ್ಷೆ

ತರ್ಕದ್ವಾರದ ಐ.ಸಿ.ಯೊಂದು ಪ್ರಯೋಗಶಾಲೆಯಲ್ಲಿ ನಿರೀಕ್ಷಿತ ಫಲವನ್ನು ಕೊಡದೆ ಹೋದಾಗ ಅದು ಕೆಟ್ಟಿದೆಯೆಂದು ತೀರ್ಮಾನಿಸಿ ಬದಿಗಿಡುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ಅಭ್ಯಾಸ. ಬಹುಮಟ್ಟಿಗೆ ದೋಷವಿರುವುದು ಅದಕ್ಕೆ ತಂದು ಜೋಡಿಸಿದ ತಂತಿಗಳಲ್ಲಿ. ಇದಕ್ಕಿಂತಲೂ ಅಪಾಯಕರವಾದುದು, ತಪ್ಪು ಜೋಡಣೆಯೇ ಸರಿಯಾದ ಫಲವನ್ನು ತೋರಿಸಿ ನಮ್ಮನ್ನು ವಂಚಿಸುವ ಸಂದರ್ಭ. ಇಲ್ಲಿ ಮುಖ್ಯವಾಗಿ ಅದನ್ನೇ ವಿವೇಚಿಸಲಾಗಿದೆ.

ದ್ವಾರವೆಂಬ ಕಲ್ಪನೆ ಹೊಳೆನರಸೀಪುರದ ಕಡೆಯ ವಾಚಕರಿಗೆ ಅಪರಿಚಿತವಲ್ಲ. ಹೇಮಾವತಿಯ ನೀರು ಹರಿಯುವ ಕಾಲುವೆಯೊಂದರಲ್ಲಿ ಒಂದರ ಮುಂದೊಂದರಂತೆ ಎರಡು ತೂಬುಗಳಿದ್ದರೆ, ಎರಡನ್ನೂ ಎತ್ತಿದಾಗ ಮಾತ್ರ ನೀರು ಗದ್ದೆಗೆ ತಲಪುತ್ತದೆ. ಇದು ಆಂಡ್ ದ್ವಾರ. ಅಕ್ಕಪಕ್ಕದ ಎರಡರಲ್ಲಿ ಯಾವುದನ್ನೆತ್ತಿದರೂ ನೀರು ಬರುವಂತಿದ್ದರೆ ಅದು ಆರ್ ದ್ವಾರ. ಇವುಗಳ ಫಲವನ್ನು ವಿಪರ್ಯಯಗೊಳಿಸಿದರೆ ಕ್ರಮವಾಗಿ ನ್ಯಾಂಡ್ ಮತ್ತು ನಾರ್ ದ್ವಾರಗಳು ದೊರೆಯುತ್ತವೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಸ್ಥಾಪಿತವಾದಾಗ, ಇಂತಹ ನಾಲ್ಕು ದ್ವಾರಗಳನ್ನು ಒಂದೇ ತುಣುಕಿನಲ್ಲಿ ಅಡಕಮಾಡಿದ 7400 ಶ್ರೇಣಿಯ ಐ.ಸಿ.ಗಳು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಇಂದು ಪ್ರಯೋಗದ ಮೊದಲ ಪಾಠವೇ ಅವುಗಳಿಂದ ಆರಂಭವಾಗುತ್ತದೆ.

ಐ.ಸಿ.ಯನ್ನು ಮೇಲಿನಿಂದ ನೋಡುತ್ತ ಅದರ ಕಚ್ಚನ್ನು ಎಡಕ್ಕೆ ಹಿಡಿದರೆ, ಎಡಗಡೆಯ ಕೆಳಮೂಲೆಯದು 1ನೆಯ ಪಿನ್ನು. ಅಲ್ಲಿಂದ ಬಲಕ್ಕೆ 7ರವರೆಗೆ ಎಣಿಸಿ, ಮೇಲಿನ ಸಾಲಿನಲ್ಲಿ ಬಲದಿಂದ ಎಡಕ್ಕೆ 8ರಿಂದ 14ರವರೆಗೆ ಬರತಕ್ಕದ್ದು. ಬೆಸುಗೆಗಾಗಿ ಹಲಗೆಯನ್ನು ಮಗುಚಿದಾಗ ಈ ಕ್ರಮ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ನುರಿತವರೂ ಎಡವುವುದು ಇಲ್ಲಿಯೇ. 7400ರಲ್ಲಿ 1 ಮತ್ತು 2 ಇನ್‌ಪುಟ್‌ಗಳು, 3 ಔಟ್‌ಪುಟ್. 7402 ಎಂಬ ನಾರ್ ಐ.ಸಿ.ಯಲ್ಲಾದರೋ 1 ಔಟ್‌ಪುಟ್, 2 ಮತ್ತು 3 ಇನ್‌ಪುಟ್‌ಗಳು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದರೆ ಸ್ವಿಚ್ಚಿನ ತಂತಿ ನೇರವಾಗಿ ಔಟ್‌ಪುಟ್ಟಿಗೇ ತಗಲಿ, ಐ.ಸಿ. ಬಿಸಿಯಾಗಿ ನಾಶವಾಗಲೂಬಹುದು. ಎರಡರಲ್ಲಿಯೂ 14ಕ್ಕೆ 5 ವೋಲ್ಟು, 7ಕ್ಕೆ ಭೂಸಂಪರ್ಕ. ಆದರೆ ತರ್ಕಚಿತ್ರಗಳಲ್ಲಿ ಇವೆರಡನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾಗಿ, ಚಿತ್ರವನ್ನೇ ನಂಬಿದವನು ಐ.ಸಿ.ಗೆ ವಿದ್ಯುತ್ತನ್ನು ಕೊಡುವುದನ್ನೇ ಮರೆಯುತ್ತಾನೆ. ಈ ಸ್ಥಾನಗಳೂ ಸಾರ್ವತ್ರಿಕವಲ್ಲ: 7490 ಎಂಬ ಎಣಿಕೆಯ ಐ.ಸಿ.ಗೆ 5 ವೋಲ್ಟು ಸೇರಬೇಕಾದುದು 5ನೆಯ ಪಿನ್ನಿಗೆ, ಭೂಸಂಪರ್ಕ 10ನೆಯದಕ್ಕೆ.

ಇನ್ನು ವಂಚನೆಯ ವಿಚಾರ. ಎರಡು ಇನ್‌ಪುಟ್‌ಗಳೂ 0 ಆಗಿದ್ದರೆ ನ್ಯಾಂಡ್ 1ನ್ನು ಕೊಡುತ್ತದೆ, ನಾರ್ ಸಹ 1ನ್ನೇ. ಎರಡೂ 1 ಆಗಿದ್ದರೆ ಎರಡು ದ್ವಾರಗಳೂ 0 ಕೊಡುತ್ತವೆ. ಸೀಮಾಸ್ ವರ್ಗದ 4011 ನ್ಯಾಂಡ್, 4001 ನಾರ್. ಇವುಗಳ ಪಿನ್ನುಗಳ ಕ್ರಮವೂ ಒಂದೇ. ಆದುದರಿಂದ ಈ ಎರಡು ಪಂಕ್ತಿಗಳನ್ನಷ್ಟೇ ಪರೀಕ್ಷಿಸಿದವನಿಗೆ ತನ್ನ ಕೈಯಲ್ಲಿರುವುದು ಯಾವುದೆಂಬುದೇ ತಿಳಿಯದು. 7400ರ 2ನೆಯ ಪಿನ್ನಿನ ತಂತಿ ಕಳಚಿದ್ದರೂ ಫಲ ಹೀಗೆಯೇ. ಆ ವರ್ಗದಲ್ಲಿ ತಂತಿಯಿಲ್ಲದ ಇನ್‌ಪುಟ್ 1ರಂತೆ ವರ್ತಿಸುವುದರಿಂದ 00, 01, 11 ಎಂಬ ಮೂರು ಪಂಕ್ತಿಗಳೂ ಸರಿಯಾಗಿಯೇ ಬರುತ್ತವೆ. ಮೊದಲನೆಯದು 1, ಎರಡನೆಯದು 0 ಆದ ಪಂಕ್ತಿಯೊಂದೇ ದೋಷವನ್ನು ಹೊರಗೆಡಹುತ್ತದೆ. ಸೀಮಾಸ್ ವರ್ಗದಲ್ಲಿ ತಂತಿಯಿಲ್ಲದ ಇನ್‌ಪುಟ್ಟಿಗೆ ಇಷ್ಟು ನಿಯತವಾದ ವರ್ತನೆಯೂ ಇಲ್ಲ. ಕೈ ಹತ್ತಿರ ತಂದರೂ ಫಲ ಬದಲಾಗಬಹುದು. ಆದಕಾರಣ ಇನ್‌ಪುಟ್‌ಗಳು ಪರಸ್ಪರ ಭಿನ್ನವಾಗಿರುವ ಎರಡು ಪಂಕ್ತಿಗಳನ್ನು ಮೊದಲು ಪರೀಕ್ಷಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಸಂದೇಹ ಉಳಿದರೆ ಮಲ್ಟಿಮೀಟರಿನ ಮೊನೆಯನ್ನು ಬ್ರೆಡ್‌ಬೋರ್ಡಿನ ರಂಧ್ರಕ್ಕಲ್ಲ, ಐ.ಸಿ.ಯ ಕಾಲಿಗೇ ತಾಗಿಸಬೇಕು. ಕಾಲು ಒಳಕ್ಕೆ ಮಡಿಚಿ ರಂಧ್ರಕ್ಕೆ ಇಳಿಯದೆಯೇ ಇರಬಹುದು. 7400ರ ಔಟ್‌ಪುಟ್ 0.4 ವೋಲ್ಟಿಗಿಂತ ಕಡಿಮೆಯಿದ್ದರೆ 0, 2.4ಕ್ಕಿಂತ ಹೆಚ್ಚಿದ್ದರೆ 1. ಇನ್‌ಪುಟ್ ಪಿನ್ನಿನಲ್ಲಿ ಸುಮಾರು ಒಂದೂವರೆ ವೋಲ್ಟು ಕಂಡುಬಂದರೆ ಅಲ್ಲಿಗೆ ತಂತಿ ತಲಪಿಲ್ಲವೆಂದೇ ತಿಳಿಯತಕ್ಕದ್ದು.