ಅಂಗಡಿ ಕಳವು ಮತ್ತು ಅದರ ಕಾನೂನು ಪರಿಣಾಮಗಳು

ಅಂಗಡಿ ಕಳವು ಎಂದರೆ ವ್ಯಾಪಾರಕ್ಕೆ ತೆರೆದಿರುವ ಅಂಗಡಿಯೊಳಗೆ ಗ್ರಾಹಕನಂತೆ ಬಂದ ವ್ಯಕ್ತಿಯು ಬೆಲೆ ಕೊಡದೆ ಸರಕನ್ನು ಒಯ್ಯುವುದು. ಭಾರತದ ಕಾನೂನಿನಲ್ಲಿ ಈ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ಇದು ಕಳವಿನ ಸಾಮಾನ್ಯ ವ್ಯಾಖ್ಯೆಯೊಳಗೆ ಬರುತ್ತದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಯಲ್ಲಿವೆ. ಆ ದಿನಾಂಕಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿನ ವ್ಯಾಪಾರವು ಪಟ್ಟಣದ ಕಿರಾಣಿ ಅಂಗಡಿ, ಬಟ್ಟೆ ಅಂಗಡಿಗಳಲ್ಲಿ ನಡೆಯುವಂತೆ ವಾರದ ಸಂತೆಗಳಲ್ಲಿಯೂ, ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗಳಲ್ಲಿಯೂ ನಡೆಯುತ್ತದೆ. ಕಾನೂನು ದೇಶಕ್ಕೆಲ್ಲ ಒಂದೇ ಆದರೂ, ಅಂಗಡಿಯ ಸ್ವರೂಪವು ಅದರ ಅನ್ವಯದ ಮೇಲೆ ಪರಿಣಾಮ ಬೀರುತ್ತದೆ.

ವ್ಯಾಖ್ಯೆ

ನ್ಯಾಯ ಸಂಹಿತೆಯ ಕಲಂ 303ರ ಪ್ರಕಾರ, ಒಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು ಅವರ ಸಮ್ಮತಿಯಿಲ್ಲದೆ ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಸ್ಥಳಾಂತರಿಸುವುದೇ ಕಳವು. ವಸ್ತು ಅಂಗಡಿಯ ಹೊಸ್ತಿಲು ದಾಟಬೇಕೆಂಬ ನಿಯಮವಿಲ್ಲ. ಅಪ್ರಾಮಾಣಿಕ ಉದ್ದೇಶದಿಂದ ಅದನ್ನು ಇದ್ದ ಜಾಗದಿಂದ ಕದಲಿಸಿದರೆ ಸಾಕು. ಆದರೆ ಗ್ರಾಹಕರೇ ಸರಕನ್ನು ಆರಿಸಿಕೊಳ್ಳುವ ಸೂಪರ್ ಮಾರ್ಕೆಟ್ಟಿನಲ್ಲಿ ವಸ್ತುವನ್ನು ಕೈಗೆತ್ತಿಕೊಳ್ಳಲು ಮಾಲೀಕನ ಸಮ್ಮತಿ ಇದ್ದೇ ಇರುತ್ತದೆ. ಆದ್ದರಿಂದ ಅಂತಹ ಕಡೆ ಪ್ರಶ್ನೆಯೆಲ್ಲ ಉದ್ದೇಶದ್ದು. ಬಿಲ್ ಮಾಡುವ ಜಾಗವನ್ನು ದಾಟಿದ್ದು, ವಸ್ತುವನ್ನು ಬಟ್ಟೆಯೊಳಗೆ ಅಡಗಿಸಿದ್ದು, ಬೆಲೆಚೀಟಿ ಬದಲಿಸಿದ್ದು ಇವೆಲ್ಲ ಉದ್ದೇಶವನ್ನು ತೋರಿಸುವ ಸಾಕ್ಷ್ಯಗಳು. ಮರೆವಿನಿಂದ ಹಣ ಕೊಡದೆ ಹೊರಬಂದವನು ಕಳ್ಳನಲ್ಲ. ಆದರೂ ಸಿಸಿಟಿವಿ ದೃಶ್ಯವಷ್ಟೇ ಈ ವ್ಯತ್ಯಾಸವನ್ನು ಯಾವಾಗಲೂ ಹೇಳಲಾರದು.

ಶಿಕ್ಷೆ

ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡನ್ನೂ ವಿಧಿಸಬಹುದು. ಎರಡನೆಯ ಅಥವಾ ನಂತರದ ಬಾರಿ ಅಪರಾಧ ಸಾಬೀತಾದರೆ ಕನಿಷ್ಠ ಒಂದು ವರ್ಷದಿಂದ ಐದು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಜುಲ್ಮಾನೆ ಇದೆ. ಹೊಸ ಸಂಹಿತೆಯು ತಂದ ಮುಖ್ಯ ಬದಲಾವಣೆಯೆಂದರೆ ಸಮುದಾಯ ಸೇವೆ. ಕದ್ದ ಸ್ವತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ವ್ಯಕ್ತಿಯು ಮೊದಲ ಬಾರಿಗೆ ಅಪರಾಧಿಯೆಂದು ತೀರ್ಮಾನವಾಗಿ, ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ, ಸೆರೆವಾಸದ ಬದಲು ಸಂಭಾವನೆಯಿಲ್ಲದ ಸಮಾಜೋಪಯೋಗಿ ಕೆಲಸವೇ ಶಿಕ್ಷೆಯಾಗುತ್ತದೆ. ಹಳೆಯ ದಂಡ ಸಂಹಿತೆಯ 379ನೆಯ ಕಲಮಿನಲ್ಲಿ ಸೋಪಿನ ಪೊಟ್ಟಣಕ್ಕೂ ಚಿನ್ನದ ಸರಕ್ಕೂ ಇಂತಹ ಭೇದವಿರಲಿಲ್ಲ.

ಈ ರಿಯಾಯಿತಿ ಇರುವುದು ಕಲಂ 303ರಲ್ಲಿ ಮಾತ್ರ. ಕಲಂ 305ರ ಪ್ರಕಾರ ವಾಸದ ಮನೆಯಲ್ಲಿ, ಅಥವಾ ಸ್ವತ್ತನ್ನು ಕಾಪಿಡಲು ಬಳಸುವ ಕಟ್ಟಡ, ಡೇರೆ ಅಥವಾ ಹಡಗಿನಲ್ಲಿ ನಡೆದ ಕಳವಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದರಲ್ಲಿ 5,000 ರೂಪಾಯಿಯ ಮಿತಿಯ ಮಾತೇ ಇಲ್ಲ. ಅಂಗಡಿ ಸರಕನ್ನು ಕಾಪಿಡುವ ಕಟ್ಟಡವೆಂದು ವಾದಿಸಲು ಅವಕಾಶವಿದೆ. ‘ಡೇರೆ’ ಎಂಬ ಪದವು ಜಾತ್ರೆಯಲ್ಲಿ ತಾಡಪಾಲು ಕಟ್ಟಿ ಹಾಕಿದ ಅಂಗಡಿಯನ್ನೂ ಈ ವಾದದೊಳಗೆ ತರಬಲ್ಲದು, ಆದರೆ ಸಂತೆಯಲ್ಲಿ ಬಯಲಿನಲ್ಲೇ ಹರಡಿಟ್ಟ ಸರಕನ್ನಲ್ಲ. ಆರೋಪಿಯ ಪರ ವಕೀಲರು ಪ್ರಥಮ ವರ್ತಮಾನ ವರದಿಯಲ್ಲಿ ಮೊದಲು ನೋಡಬೇಕಾದದ್ದು ಈ ಕಲಮಿನ ಸಂಖ್ಯೆಯನ್ನೇ. ಕದ್ದವನು ಅಂಗಡಿಯ ನೌಕರನಾಗಿದ್ದರೆ ಕಲಂ 306 ಅನ್ವಯಿಸುತ್ತದೆ. ಕದ್ದ ವಸ್ತುವನ್ನು ಒಯ್ಯಲು ಹಲ್ಲೆ ಮಾಡಿದರೆ ಅಥವಾ ಬೆದರಿಸಿದರೆ ಅದು ಕಳವಾಗಿ ಉಳಿಯದೆ ಸುಲಿಗೆಯಾಗುತ್ತದೆ.

ಅಂಗಡಿಯಲ್ಲಿ ಹಿಡಿದಾಗ

ತನ್ನ ಕಣ್ಣೆದುರಿಗೆ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧ ನಡೆದರೆ ಖಾಸಗಿ ವ್ಯಕ್ತಿಯೂ ಅಪರಾಧಿಯನ್ನು ಹಿಡಿಯಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 ಹೇಳುತ್ತದೆ. ಹಾಗೆ ಹಿಡಿದವನನ್ನು ಅನಾವಶ್ಯಕ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಆದರೆ ಅದೇ ಸಂಹಿತೆಯ ಮೊದಲ ಅನುಸೂಚಿಯು ಸಮುದಾಯ ಸೇವೆಯ ವ್ಯಾಪ್ತಿಗೆ ಬರುವ ಸಣ್ಣ ಕಳವನ್ನು ಅಸಂಜ್ಞೇಯ, ಜಾಮೀನು ದೊರೆಯುವ ಅಪರಾಧವೆಂದು ವರ್ಗೀಕರಿಸಿದೆ. ಹೀಗಾಗಿ ಇನ್ನೂರು ರೂಪಾಯಿಯ ವಸ್ತುವಿಗಾಗಿ ಹುಡುಗನೊಬ್ಬನನ್ನು ಗೋದಾಮಿನಲ್ಲಿ ಕೂಡಿಹಾಕುವ ವ್ಯಾಪಾರಿಯ ಅಧಿಕಾರ ಬಹಳ ದುರ್ಬಲವಾದದ್ದು. ಇಂತಹ ಪ್ರಕರಣದಲ್ಲಿ ಪೊಲೀಸರೂ ದಂಡಾಧಿಕಾರಿಯ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ.

ಹೊಡೆಯುವುದು, ಕಂಬಕ್ಕೆ ಕಟ್ಟುವುದು, ಕೊರಳಿಗೆ ಫಲಕ ತೂಗುಹಾಕಿ ಬೀದಿಯಲ್ಲಿ ನಡೆಸುವುದು ಯಾವ ಕಾನೂನಿನಲ್ಲೂ ಇಲ್ಲ. ಇವು ಸ್ವತಃ ಅಕ್ರಮ ಬಂಧನ, ಹಲ್ಲೆ ಮುಂತಾದ ಅಪರಾಧಗಳು. ‘ಹತ್ತುಪಟ್ಟು ದಂಡ ಕೊಡು, ಇಲ್ಲವಾದರೆ ವಿಡಿಯೊ ಹರಿಯಬಿಡುತ್ತೇವೆ’ ಎಂಬ ಬೇಡಿಕೆ ಬಲಾತ್ ವಸೂಲಿಯ ವ್ಯಾಖ್ಯೆಗೆ ಒಳಪಡಬಹುದು. ಮಹಿಳೆಯ ದೇಹಶೋಧನೆಯನ್ನು ಮಹಿಳೆಯೇ, ಮಾನಮರ್ಯಾದೆಗೆ ಕುಂದಿಲ್ಲದಂತೆ ಮಾಡಬೇಕು.

ಜಾತಿಯ ಮೇಲಿನ ಶಂಕೆಗೆ ಈ ಭಾಗದಲ್ಲಿ ಹಳೆಯ ಇತಿಹಾಸವಿದೆ. 1953ರವರೆಗೆ ಬಳ್ಳಾರಿ ಜಿಲ್ಲೆಯು ಮದ್ರಾಸಿಗೆ ಸೇರಿತ್ತು; ಅಲ್ಲಿ ಕೊರವ ಸಮುದಾಯವೂ ಸೇರಿದಂತೆ ಹಲವು ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹುಟ್ಟಿನಿಂದಲೇ ಶಂಕಿತರೆಂದು ಪಟ್ಟಿ ಮಾಡಲಾಗಿತ್ತು. 1952ರ ಹೊತ್ತಿಗೆ ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಒಬ್ಬನ ಕುಲವಾಗಲಿ ತಾಂಡಾವಾಗಲಿ ಇಂದು ಬಂಧನಕ್ಕೆ ಕಾರಣವಾಗಲಾರದು.

ಠಾಣೆ ಮತ್ತು ನ್ಯಾಯಾಲಯ

ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವು ತಾನೇತಾನಾಗಿ ಆಗುವಂಥದ್ದಲ್ಲವೆಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಹೇಳಿದೆ. ಬಂಧನದ ಅಗತ್ಯವನ್ನು ಪೊಲೀಸರು ಬರಹದಲ್ಲಿ ದಾಖಲಿಸಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ಕಲಂ 35ರಡಿ ನೋಟಿಸ್ ಕೊಡಬೇಕು. ನೋಟಿಸ್ ಪಡೆದವರು ಹೇಳಿದ ದಿನ ಹಾಜರಾಗುವುದು ಅತ್ಯಗತ್ಯ, ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಬಂಧಿತರನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು.

20,000 ರೂಪಾಯಿ ಮೀರದ ಕಳವುಗಳನ್ನು ಸಂಕ್ಷಿಪ್ತ ವಿಚಾರಣೆಗೆ ಒಳಪಡಿಸಲಾಗುತ್ತದೆ. ಆ ವಿಧಾನದಲ್ಲಿ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆವಾಸ ವಿಧಿಸುವಂತಿಲ್ಲ. ಕಲಂ 303ರ ಕಳವನ್ನು ಸ್ವತ್ತಿನ ಮಾಲೀಕನು ರಾಜಿ ಮಾಡಿಕೊಳ್ಳಬಹುದು, ಮತ್ತು ಕಾನೂನುಬದ್ಧ ರಾಜಿಯು ಖುಲಾಸೆಗೆ ಸಮಾನ. ಕಲಂ 305ರ ಅಪರಾಧಕ್ಕೆ ಈ ದಾರಿಯಿಲ್ಲ. ಊರ ಹಿರಿಯರ ಸಮ್ಮುಖದಲ್ಲಿ ಹಣ ಕೊಟ್ಟು ಮುಗಿಸಿಕೊಂಡ ಮಾತ್ರಕ್ಕೆ ದಾಖಲಾದ ಮೊಕದ್ದಮೆ ಮುಗಿಯುವುದಿಲ್ಲ. ರಾಜಿಯು ನ್ಯಾಯಾಲಯದಲ್ಲಿ ಅಥವಾ ಲೋಕ ಅದಾಲತ್ತಿನಲ್ಲಿ ದಾಖಲಾಗಬೇಕು. ಹಲವರು ಎಡವುವುದು ಇಲ್ಲಿಯೇ: ವರ್ಷಗಳ ನಂತರ ವಾರಂಟ್ ಬಂದಾಗಲಷ್ಟೇ ಪ್ರಕರಣ ಜೀವಂತವಿರುವುದು ತಿಳಿಯುತ್ತದೆ.

ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.

ಹದಿನೆಂಟು ವರ್ಷದೊಳಗಿನವರು

ಇವರ ಪ್ರಕರಣಗಳು ಬಾಲನ್ಯಾಯ ಮಂಡಳಿಗೆ ಹೋಗುತ್ತವೆ. ಮಗುವನ್ನು ಲಾಕಪ್ಪಿನಲ್ಲಿ ಇರಿಸುವಂತಿಲ್ಲ, ಹೆಸರು ಮತ್ತು ಭಾವಚಿತ್ರವನ್ನು ಪ್ರಕಟಿಸುವಂತಿಲ್ಲ. ಏಳು ವರ್ಷ ತುಂಬದ ಮಗುವಿನ ಕೃತ್ಯ ಅಪರಾಧವೇ ಅಲ್ಲ.

ಉದ್ಯೋಗದ ಮೇಲಿನ ಪರಿಣಾಮ

ಸಂವಿಧಾನದ 371ಜೆ ವಿಧಿಯ ಮೀಸಲಾತಿಯಡಿ ಸರ್ಕಾರಿ ನೌಕರಿಗೆ ಪ್ರಯತ್ನಿಸುವ ಕಲ್ಯಾಣ ಕರ್ನಾಟಕದ ಯುವಜನರಿಗೆ ಜುಲ್ಮಾನೆಗಿಂತ ದಾಖಲೆಯೇ ದೊಡ್ಡ ಚಿಂತೆ. ಬೇಗ ಮುಗಿಯಲೆಂದು ತಪ್ಪೊಪ್ಪಿಕೊಂಡು ಜುಲ್ಮಾನೆ ಕಟ್ಟಿದರೂ ಅದು ಅಪರಾಧ ನಿರ್ಣಯವೇ ಆಗಿರುತ್ತದೆ. 1958ರ ಪ್ರೊಬೇಷನ್ ಕಾಯಿದೆಯ ಕಲಂ 3ರಂತೆ ಹಿಂದೆ ಶಿಕ್ಷೆಯಾಗದವರನ್ನು ನ್ಯಾಯಾಲಯವು ಎಚ್ಚರಿಕೆ ಹೇಳಿ ಬಿಡಬಹುದು. ಹೀಗೆ ಬಿಡುಗಡೆಯಾದವರಿಗೆ ಆ ನಿರ್ಣಯದಿಂದ ಅನರ್ಹತೆ ಉಂಟಾಗದೆಂದು ಕಲಂ 12 ಹೇಳುತ್ತದೆ. ನೇಮಕಾತಿಯ ದೃಢೀಕರಣ ನಮೂನೆಯಲ್ಲಿ ಕೇಳಿದಾಗ ಪ್ರಕರಣವನ್ನು ಮುಚ್ಚಿಡುವುದು ಬೇರೆಯೇ ಅಪಾಯ. ಅವತಾರ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ (2016) ಸುಪ್ರೀಂ ಕೋರ್ಟ್, ಕ್ಷುಲ್ಲಕ ಸ್ವರೂಪದ ಹಳೆಯ ಅಪರಾಧವನ್ನು ಮುಚ್ಚಿಟ್ಟಿದ್ದನ್ನು ನೇಮಕಾತಿ ಪ್ರಾಧಿಕಾರವು ವಿವೇಚನೆಯಿಂದ ಮನ್ನಿಸಬಹುದೆಂದು ಹೇಳಿತು. ಅದರ ಜೊತೆಗೇ, ತಿಳಿದೂ ತಿಳಿದೂ ಸುಳ್ಳು ಬರೆಯುವುದು ಆಯ್ಕೆಯನ್ನು ರದ್ದುಪಡಿಸಲು ಕಾರಣವಾಗಬಹುದೆಂದೂ ಸ್ಪಷ್ಟಪಡಿಸಿತು.