ಪಾರ್ಲೆ ಅಂದರೆ ಬಿಸ್ಕತ್ತು ಮಾತ್ರವಲ್ಲ!

‘ಪಾರ್ಲೆ’ ಅಂದರೆ ನಿಮಗೆ ಬಿಸ್ಕತ್ತು ನೆನಪಾಗಬಹುದು. ನನಗೆ ನೆನಪಾಗುವುದು ಕೈತಪ್ಪಿದ ಒಂದು ಕೆಲಸ.

ಫ್ರೆಂಚ್ ಬಂದರೆ ಬೆಂಗಳೂರಿನಲ್ಲಿ ಬೇಗ ಕೆಲಸ ಸಿಗುತ್ತದೆ ಎಂಬ ಮಾತು ನಂಬಿ, ಪದವಿ ಮುಗಿದ ಮೇಲೆ ಗೌರಿಬಿದನೂರಿನಿಂದ ರೈಲು ಹತ್ತಿ ತರಗತಿಗೆ ಹೋಗುತ್ತಿದ್ದೆ. ತೊಂಡೇಬಾವಿ, ಮಾಕಳಿದುರ್ಗ ದಾಟಿ ದೊಡ್ಡಬಳ್ಳಾಪುರ ಬರುವಷ್ಟರಲ್ಲಿ ಒಂದು ಕ್ರಿಯಾಪದದ ಆರೂ ರೂಪಗಳು ಬಾಯಿಪಾಠ. ಬರವಣಿಗೆಯಲ್ಲಿ ನನ್ನದು ತಪ್ಪಿರಲಿಲ್ಲ. ಆದರೆ ಸಂದರ್ಶನದಲ್ಲಿ ‘ಅವರು ಮಾತಾಡುತ್ತಾರೆ’ ಎಂಬ ಸಾಲನ್ನು ‘ಇಲ್ಸ್ ಪಾರ್ಲೆಂಟ್’ ಎಂದು ಗಟ್ಟಿಯಾಗಿ ಓದಿಬಿಟ್ಟೆ. ಎದುರಿಗಿದ್ದವರು ನಕ್ಕರು. ಕೆಲಸ ಸಿಗಲಿಲ್ಲ.

ಅದನ್ನು ಓದಬೇಕಾದದ್ದು ‘ಇಲ್ ಪಾರ್ಲ್’ ಎಂದು. ಕೊನೆಯ ಇ, ಎನ್, ಟಿ ಮೂರೂ ಕಾಗದದಲ್ಲಿ ಮಾತ್ರ, ಬಾಯಲ್ಲಿಲ್ಲ. ನಾನು, ನೀನು, ಅವನು, ಅವರು – ನಾಲ್ವರು ಮಾತಾಡಿದರೂ ಕಿವಿಗೆ ಬೀಳುವುದು ‘ಪಾರ್ಲ್’ ಒಂದೇ. ‘ನಾವು’ ಬಂದಾಗ ಪಾರ್-ಲೋಂ, ‘ನೀವು’ ಬಂದಾಗ ಪಾರ್-ಲೇ. ಆರು ರೂಪ, ಮೂರೇ ಉಚ್ಚಾರ!

ನಮ್ಮ ತಪ್ಪಿಗೆ ಕಾರಣವೂ ಇದೆ. ನಾವು ಬರೆದದ್ದನ್ನೆಲ್ಲ ಓದುವವರು. ‘ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾನೆ’ ಎಂದರೆ ಸಾಕು, ಯಾರೆಂದು ಕೊನೆಯೇ ಹೇಳುತ್ತದೆ. ನಮ್ಮೂರ ಬೀದಿಯಲ್ಲಿ ಕೇಳುವ ತೆಲುಗಿನಲ್ಲೂ ಅಷ್ಟೇ. ಹಾಗಾಗಿ ನಾನು, ನೀನು ಎನ್ನದೆಯೂ ನಮ್ಮ ಮಾತು ನಡೆಯುತ್ತದೆ. ಫ್ರೆಂಚಿನಲ್ಲಿ ಕೊನೆ ಮೂಕವಾದ್ದರಿಂದ ಸರ್ವನಾಮ ಬಿಡುವಂತಿಲ್ಲ.

ಇಷ್ಟಾದರೂ ನನ್ನನ್ನು ಕಾಪಾಡಿದ್ದು ಹೈಸ್ಕೂಲಿನ ಕನ್ನಡ ವ್ಯಾಕರಣವೇ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ‘ರ್’ ಮುಂದಿನ ಸ್ವರದ ಜೊತೆ ಹೋಗುತ್ತದಲ್ಲ, ಹಾಗೆಯೇ ‘ಇಲ್’, ‘ಎಮ್’ ಸೇರಿದರೆ ‘ಇ-ಲೆಮ್’, ಅಂದರೆ ‘ಅವನು ಪ್ರೀತಿಸುತ್ತಾನೆ’. ‘ಅವರು ಪ್ರೀತಿಸುತ್ತಾರೆ’ ಎನ್ನುವಾಗ ‘ಇಲ್ಸ್’ನಲ್ಲಿ ಮಲಗಿದ್ದ ‘ಸ್’ ಎದುರಿಗೆ ಸ್ವರ ಕಂಡು ಎದ್ದು, ‘ಝ್’ ಆಗಿ ‘ಇಲ್-ಝೆಮ್’ ಎನಿಸುತ್ತದೆ. ಏಕವಚನ, ಬಹುವಚನಗಳ ವ್ಯತ್ಯಾಸ ಉಳಿಯುವುದು ಆ ಒಂದು ‘ಝ್’ನಲ್ಲಿ. ‘ಅವನಿಗೆ ಇದೆಯೇ?’ ಎಂದು ಕೇಳುವಾಗ ‘ಆ’, ‘ಇಲ್’ ನಡುವೆ ಸುಮ್ಮನೆ ಒಂದು ‘ತ್’ ಬಂದು ‘ಆ-ತಿಲ್’ ಆಗುತ್ತದೆ. ‘ಮನೆ’, ‘ಅನ್ನು’ ನಡುವೆ ‘ಯ್’ ಬಂದು ‘ಮನೆಯನ್ನು’ ಆಗುವ ನಮ್ಮ ಆಗಮ ಸಂಧಿಯ ಹಾಗೇ! ಅಂಕಕ್ಕಾಗಿ ಉರು ಹೊಡೆದ ಪಾಠ ಇಷ್ಟು ದೂರ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಫ್ರೆಂಚ್ ಕಲಿಯುವ ಗೆಳೆಯರಿಗೆ ಒಂದು ಮಾತು. ಡೆಲ್ಫ್ ಪರೀಕ್ಷೆಯ 100 ಅಂಕಗಳಲ್ಲಿ ಕೇಳುವುದಕ್ಕೆ 25, ಮಾತಾಡುವುದಕ್ಕೆ 25. ಒಟ್ಟು 50 ಬಂದರೆ ಪಾಸು ನಿಜ, ಆದರೆ ಯಾವುದೇ ವಿಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಫೇಲು. ಅದಕ್ಕೇ ಪಟ್ಟಿ ಬರೆದು ಕಲಿಯುವ ಮೊದಲು ಕೇಳಿ, ಜೋರಾಗಿ ಹೇಳಿ.

ನಾನೀಗ ರೈಲಿನಲ್ಲಿ ಪುಸ್ತಕ ಮುಚ್ಚಿ, ಇಯರ್‌ಫೋನ್ ಹಾಕಿಕೊಂಡು ಗುನುಗುತ್ತೇನೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ, ಮುಂದಿನ ಸಂದರ್ಶನದಲ್ಲಿ ಯಾರೂ ನಗದಿದ್ದರೆ ಸಾಕು.