ಮಕ್ಕಳೊಂದಿಗೆ ಗಾಳ ಹಾಕುವ ಮುನ್ನ: ಪೋಷಕರ ಗಮನಕ್ಕೆ

ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿದು ಬಂದಿತು. ತದನಂತರ ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಕೆರೆಗಳು ತುಂಬಿವೆ. ಒಣಗಿದ ಕೆರೆಯಂಗಳವನ್ನು ಆಟದ ಬಯಲಾಗಿ ಕಂಡು ಬೆಳೆದವರಿಗೆ ತುಂಬಿದ ಕೆರೆಯ ಆಳದ ಅರಿವು ಕಡಿಮೆ. ಆದುದರಿಂದ ಮಕ್ಕಳನ್ನು ಮೀನು ಹಿಡಿಯಲು ಕರೆದೊಯ್ಯುವವರು ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

1. ಅನುಮತಿ: ಕೆರೆಗಳ ಮೀನು ಪಾಶುವಾರು ಹಕ್ಕನ್ನು ಹರಾಜು ಅಥವಾ ಗುತ್ತಿಗೆಯ ಮೂಲಕ ನೀಡಲಾಗುತ್ತದೆ. ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು ಸಾಕುವವರು ಹಕ್ಕು ಪಡೆದವರೇ ಆಗಿರುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಗಾಳ ಹಾಕಬಾರದು. ಹಕ್ಕುದಾರರು ಯಾರೆಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು.

2. ಸ್ಥಳ: ಹೂಳು ಹಾಗೂ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೇ ಆಳೆತ್ತರವಾಗಬಹುದು. ನೀರಿಗಿಳಿಯದೆ ಗಟ್ಟಿಯಾದ ದಡದಿಂದಲೇ ಗಾಳ ಹಾಕಬೇಕು. ತೂಬು ಮತ್ತು ಕೋಡಿಯಿಂದ ದೂರವಿರಬೇಕು.

3. ಸಾಧನ: ಬಿದಿರಿನ ಕೋಲು, ದಾರ, ಬೆಂಡು, ಸಣ್ಣ ಗಾಳ ಮತ್ತು ಎರೆಹುಳು ಸಾಕು. ದಡದ ಬಳಿ ಜಿಲೇಬಿ ಮೀನು ಸುಲಭವಾಗಿ ಸಿಗುತ್ತದೆ. ಗಾಳದಿಂದ ಮೀನು ಬಿಡಿಸುವ ಕೆಲಸವನ್ನು ಹಿರಿಯರು ಮಾಡಲಿ. ಬೆಂಡು ಮುಳುಗಿದೊಡನೆ ಕೋಲೆತ್ತುವ ಸಂತಸ ಮಕ್ಕಳಿಗಿರಲಿ.

4. ಶುಚಿತ್ವ: ಈ ನೀರು ಕುಡಿಯಲು ಯೋಗ್ಯವಲ್ಲ. ಮನೆಯಿಂದ ಕುಡಿಯುವ ನೀರು ಒಯ್ಯಬೇಕು. ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು.

5. ಅಪಾಯದಲ್ಲಿ: ಮಕ್ಕಳ ಮೇಲೆ ಕಣ್ಣಿಡಲೆಂದೇ ಒಬ್ಬ ಹಿರಿಯರು ಗಾಳ ಹಿಡಿಯದೆ ಇರಬೇಕು. ಯಾರಾದರೂ ನೀರಿಗೆ ಬಿದ್ದಲ್ಲಿ ಈಜು ಬಾರದವರು ಧುಮುಕಬಾರದು. ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಹಗ್ಗಕ್ಕೆ ಕಟ್ಟಿ ಎಸೆದು, 112ಕ್ಕೆ ಕರೆ ಮಾಡಬೇಕು. ಹಗ್ಗವನ್ನೂ ಕ್ಯಾನನ್ನೂ ಗಾಳದ ಜೊತೆಯಲ್ಲಿಯೇ ಒಯ್ಯತಕ್ಕದ್ದು.